ಎಡಗಡೆ ಕಾಲಿಂಚು

ಚೀಟಿಗಳ ಕಟ್ಟು ನಿನ್ನೆ ಸಂಜೆಯಿಂದ ಹೊಲಿಗೆ ಯಂತ್ರದ ಪಕ್ಕದಲ್ಲೇ ಇತ್ತು. ಗಾಳಿಗೆ ಹಾರದಿರಲೆಂದು ಟೈಲರಮ್ಮ ಅದರ ಮೇಲೆ ದೊಡ್ಡ ಕತ್ತರಿಯನ್ನಿಟ್ಟಿದ್ದಳು. ಬಟ್ಟೆ ಕತ್ತರಿಸಬೇಕಾದಾಗಲೆಲ್ಲ ಕತ್ತರಿ ಎತ್ತಬೇಕಿತ್ತು, ಎತ್ತಿದಾಗಲೆಲ್ಲ ಮೇಲಿನ ಚೀಟಿಯ ದಪ್ಪ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವು. ನಲವತ್ತು ದಾಟಿದ ಮಹಿಳೆಯರೆಲ್ಲ ಗುರುವಾರ ತಪಾಸಣಾ ಕೇಂದ್ರಕ್ಕೆ ಬಂದು ಸ್ತನ ಪರೀಕ್ಷೆ ಮಾಡಿಸಿಕೊಳ್ಳಿ, ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಬೇಗ ಗೊತ್ತಾದರೆ ಬೇಗ ಗುಣ. ಕೇಂದ್ರದ ನರ್ಸು ತಂದುಕೊಟ್ಟು ಹೋಗಿದ್ದಳು. "ನಾವು ಮನೆಮನೆಗೆ ಹೋದ್ರೆ ಬಾಗಿಲು ಹಾಕ್ಕೋತಾರೆ ಟೈಲರಮ್ಮ. ನಿಮ್ಮ ಮುಂದಾದ್ರೆ ತಾವಾಗೇ ಕೈ ಎತ್ತಿ ನಿಂತ್ಕೋತಾರೆ. ಹೊಲಿದ ಬಟ್ಟೆ ಜೊತೆ ಒಂದೊಂದು ಇಟ್ಟುಬಿಡಿ. ಬಾಯಲ್ಲೂ ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ." ಟೈಲರಮ್ಮ ಆಗಲಿ ಎಂದು ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಬೆಳಿಗ್ಗೆಯಿಂದ ನಾಲ್ಕು ಜನ ಬಟ್ಟೆ ತೆಗೆದುಕೊಂಡು ಹೋಗಿದ್ದರು. ನಾಲ್ಕು ಸಲವೂ ಅವಳ ಕೈ ಚೀಟಿಯವರೆಗೆ ಹೋಗಿ, ಅಲ್ಲೇ ಇದ್ದ ದಾರದ ಉಂಡೆಯನ್ನು ಆಚೆಗೆ ಸರಿಸಿ ವಾಪಸು ಬಂದಿತ್ತು.

"ಅದನ್ನ ನನಗಂತೂ ಕೊಡಬೇಡಿ" ಎಂದಳು ಕಿಟಕಿಯ ಬಳಿ ಕೂತಿದ್ದ ಗುಂಡಿಯಕ್ಕ. ಹನ್ನೆರಡು ವರ್ಷದಿಂದ ಆ ಅಂಗಡಿಯಲ್ಲಿ ಗುಂಡಿ ಹಚ್ಚುವವಳು ಅವಳೇ. ಅವಳ ಸ್ವಂತ ಹೆಸರು ಅವಳಿಗೇ ಮರೆತಂತಿತ್ತು. "ನಂದು ನೋಡೋಕೆ ಯಂತ್ರ ಬೇರೆ ಕೇಡು! ಮನೆಯಲ್ಲಿ ಕಟ್ಕೊಂಡವನೇ ಇಪ್ಪತ್ತು ವರ್ಷದಿಂದ ತಿರುಗಿ ನೋಡಿಲ್ಲ." ತನ್ನ ಮಾತಿಗೆ ತಾನೇ ನಕ್ಕು, ಹಲ್ಲಲ್ಲಿ ದಾರ ಕಡಿದಳು. ಟೈಲರಮ್ಮನಿಗೆ ನಗು ಬಂತು, ಆದರೆ ಬಂದ ನಗು ಮುಖದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಗೇ ಹೋಯಿತು. ಇವಳಿಗಾದರೂ ಹೇಳಬಹುದಲ್ಲ, ಐವತ್ತೈದು ದಾಟಿದೆ, ಹೋಗಿ ಬಾ ಅಂತ. ಬಾಯಿ ತೆರೆದಳು. "ಆ ನೀಲಿ ಅಂಗಿಗೆ ಐದು ಗುಂಡಿ ಸಾಕು" ಎಂದಳು.

ಮೈಯ ವಿಷಯ ಬಾಯಿಗೆ ತರುವುದು ಅವಳ ಕಸುಬಿನಲ್ಲಿ ಇರಲಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದುಕ ಟೈಲರು ಮೊದಲ ವಾರವೇ ಹೇಳಿಕೊಟ್ಟಿದ್ದ: ಯಾರ ಮೈಯೂ ಎರಡು ಕಡೆ ಸಮ ಇರಲ್ಲ ತಾಯಿ, ಒಂದು ಭುಜ ಇಳಿದಿರತ್ತೆ, ಒಂದು ಸೊಂಟ ಏರಿರತ್ತೆ, ಅದು ಅವರಿಗೇ ತಿಳೀದ ಹಾಗೆ ಹೊಲೀಬೇಕು, ಕನ್ನಡಿ ಮುಂದೆ ನಿಂತಾಗ ನಾನು ಎಷ್ಟು ಚೆನ್ನಾಗಿದ್ದೀನಿ ಅನ್ನಿಸ್ಬೇಕು, ನೀನು ಅಳತೆ ತೊಗೊಳ್ಳುವಾಗ ಮಾತ್ರ ಮುಖದಲ್ಲಿ ಏನೂ ತೋರಿಸ್ಬೇಡ. ಅವಳು ಚೆನ್ನಾಗಿ ಕಲಿತಳು. ಟೇಪು ಎದೆಯ ಸುತ್ತ ಹೋಗಿ ಮುಂದೆ ಬಂದು ಸೇರುವಾಗ ಕಣ್ಣು ಅಂಕಿಯ ಮೇಲಿರುತ್ತಿತ್ತು, ಬೆರಳು ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಗೂನು, ಸುಟ್ಟ ಗಾಯದ ಕಲೆ, ತೋಳಿನ ಮೇಲೆ ಯಾರೋ ಹಿಡಿದ ಐದು ಬೆರಳ ನೀಲಿ ಗುರುತು, ಎಲ್ಲವನ್ನೂ ಬೆರಳು ಕಂಡಿತ್ತು. ಅಳತೆ ಪುಸ್ತಕದಲ್ಲಿ ಎಲ್ಲರಿಗೂ ಕಾಣುವ ಅಂಕಿ ಶಾಯಿಯಲ್ಲಿರುತ್ತಿತ್ತು. ಓರೆಕೋರೆಗಳು ಮಾತ್ರ ಪೆನ್ಸಿಲಿನಲ್ಲಿ, ಅವಳೊಬ್ಬಳಿಗೇ ತಿಳಿಯುವಷ್ಟು ಸಣ್ಣದಾಗಿ. ಟೀಚರ ಪುಟದಲ್ಲಿ, ಮೂರು ಚಳಿಗಾಲದ ಹಿಂದೆ, ಎದೆಯ ಅಳತೆಯ ಪಕ್ಕ ಅವಳು ಬರೆದಿದ್ದಳು: ಎಡಗಡೆ ಕಾಲಿಂಚು ಕಮ್ಮಿ.

ಟೀಚರು ಹದಿನೆಂಟು ವರ್ಷದ ಗಿರಾಕಿ. ಇಬ್ಬರೂ ಒಂದೇ ವಯಸ್ಸಿನವರು. ಟೈಲರಮ್ಮ ಸಂಜೆಯ ತರಗತಿಗೆ ಸೇರಿ ಪರೀಕ್ಷೆ ಕಟ್ಟಿದಾಗ ಲೆಕ್ಕ ಹೇಳಿಕೊಟ್ಟವರೂ ಅವರೇ, ಅದೂ ಅಳತೆ ಕೊಡುತ್ತ ಕೈ ಎತ್ತಿ ನಿಂತುಕೊಂಡೇ. "ಏಳೆಂಟ್ಲಿ ಎಷ್ಟು? ಬೇಗ! ನನ್ನ ಕೈ ಸೋಲ್ತಿದೆ ಕಣಮ್ಮ." ಪೆನ್ಸಿಲಿನಲ್ಲಿ ಬರೆದ ಆ ದಿನವೂ ಅವರು ಏನೋ ಹೇಳಿ ನಗುತ್ತಿದ್ದರು. ಬೂದು ಬಣ್ಣದ ಕೋಟು, ತರಗತಿಯಲ್ಲಿ ಚಳಿಯಾಗುತ್ತದೆಂದು ಒಳಗೆ ಅಸ್ತರು ಹಾಕಿಸಿ ಹೊಲಿಸುತ್ತಿದ್ದ ಕೋಟು. ಮೊದಲ ಸಲ ತೊಡಿಸಿ ಪಿನ್ನು ಚುಚ್ಚುವಾಗ ಎಡಗಡೆ ಬಟ್ಟೆ ಒಂದಿಷ್ಟು ಸಡಿಲವಾಗಿ ಮಡಿಕೆ ಬಿದ್ದಿತ್ತು. ತನ್ನ ಕತ್ತರಿಯ ತಪ್ಪೆಂದುಕೊಂಡು ಮತ್ತೆ ಅಳೆದಳು. ತಪ್ಪು ಕತ್ತರಿಯದಾಗಿರಲಿಲ್ಲ. ಮಡಿಕೆಯನ್ನು ಒತ್ತಿ ಸರಿಪಡಿಸಿದ ಬೆರಳಿಗೆ ತೆಳು ಒಳಂಗಿಯ ಕೆಳಗೆ ಒಂದು ಕುಳಿ ಸಿಕ್ಕಿತು, ದಾರವನ್ನು ಜಾಸ್ತಿ ಬಿಗಿದಾಗ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಅಂಥದ್ದು. ಕಣ್ಣು ಅಂಕಿಯ ಮೇಲೆಯೇ ಇತ್ತು. ಮುಖದಲ್ಲಿ ಏನೂ ಇರಲಿಲ್ಲ. ಟೀಚರು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು, ಅದು ಈಗ ನೆನಪಾಗುತ್ತದೆ; ಆಗ ಕನ್ನಡಿಯಲ್ಲಿ ಕೋಟನ್ನು ನೋಡುತ್ತಿದ್ದಾರೆ ಅಂದುಕೊಂಡಿದ್ದಳು. "ಸರಿಯಾಗಿದೆಯಾ?" ಎಂದು ಕೇಳಿದರು. "ಸರಿಯಾಗತ್ತೆ, ನನಗೆ ಬಿಡಿ" ಎಂದಳು ಟೈಲರಮ್ಮ. ಆ ರಾತ್ರಿಯ ಊಟಕ್ಕೆ ಮುಂಚೆಯೇ ಕೂತು ಅಸ್ತರಿನ ಎಡ ಭಾಗದೊಳಗೆ ಒಂದು ಪದರ ಹತ್ತಿ ಇಟ್ಟು, ಅಂಚು ಕಾಣದಂತೆ ಸವರಿ ಹೊಲಿದಳು. ನಾಲ್ಕು ತಿಂಗಳ ಮೇಲೆ ಇನ್ನೊಂದು ಪದರ. ಆಮೇಲೆ ಇನ್ನೊಂದು. ಆ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಹೆಮ್ಮೆಯಾಗಿತ್ತು ಎನ್ನುವುದನ್ನು ಈಗ ಯಾರ ಹತ್ತಿರ ಹೇಳಿಕೊಳ್ಳುವುದು.

ಟೀಚರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸಾವಿನ ಮನೆಯಲ್ಲಿ ಅವಳು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದಳು, ಮುಂದೆ ಹೋಗುವ ಧೈರ್ಯವಿಲ್ಲದೆ. ಅದೇ ಶಾಲೆಯ ಇನ್ನೊಬ್ಬ ಟೀಚರು ಅವಳ ಗುರುತು ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಆಸ್ಪತ್ರೆಗೆ ಸೇರೋ ದಿನದವರೆಗೂ ಎಷ್ಟು ನೀಟಾಗಿ ಕಾಣ್ತಿದ್ರು, ಎಲ್ಲಾ ನಿಮ್ಮ ಹೊಲಿಗೆ, ಎಂದಿದ್ದರು. ಟೈಲರಮ್ಮ ಆಗಲೂ ತಲೆಯಾಡಿಸಿದ್ದಳು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಕತ್ತೆತ್ತಿ ನೋಡಿದವಳಿಗೆ ಒಂದು ಕ್ಷಣ ಟೀಚರೇ ಬಂದು ನಿಂತಂತಾಯಿತು. ಬಂದವಳು ಅವರ ತಂಗಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಅದೇ ಹಣೆ, ಅದೇ ಒಂದು ಕಡೆ ವಾಲಿದ ನಿಲುವು. ಕೈಯಲ್ಲೊಂದು ಚೀಲ. ಚೀಲದಿಂದ ಅವಳು ತೆಗೆದು ಮೇಜಿನ ಮೇಲೆ ಹರವಿದ್ದು ಬೂದು ಬಣ್ಣದ ಕೋಟು.

"ಅಕ್ಕಂದು. ಬೇರೆಯವರಿಗೆ ಕೊಡೋಕೆ ಮನಸ್ಸಾಗ್ಲಿಲ್ಲ. ನನ್ನ ಅಳತೆಗೆ ಮಾಡ್ಕೊಡಿ ಟೈಲರಮ್ಮ. ನಾನು ಅವಳಿಗಿಂತ ಸ್ವಲ್ಪ ದಪ್ಪ, ಬೈಬೇಡಿ."

"ಬಟ್ಟೆ ಬಿಟ್ಟಿದ್ದೀನಿ ಒಳಗೆ. ಆಗತ್ತೆ" ಎಂದಳು ಟೈಲರಮ್ಮ. ಕೋಟಿನ ಎಡಭಾಗದ ಮೇಲೆ ಅಂಗೈ ಇಟ್ಟಳು. ಅವಳಿಗಲ್ಲದೆ ಬೇರೆ ಯಾರಿಗೂ ಅಲ್ಲಿ ಏನೂ ತಿಳಿಯುವಂತಿರಲಿಲ್ಲ. ನಾಲ್ಕು ದಿನ ಬಿಟ್ಟು ಬನ್ನಿ ಅಂದರೆ ಮುಗಿಯಿತು, ಹತ್ತಿ ಕಿತ್ತು ಬೇರೆ ಅಸ್ತರು ಹಾಕಿದರೆ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ಅಸಹ್ಯವಾಯಿತು. ಅಸಹ್ಯವಾದ ಮೇಲೂ ಯೋಚನೆ ಹೋಗಲಿಲ್ಲ.

ಪರದೆಯ ಹಿಂದೆ ತಂಗಿ ಮೇಲಂಗಿ ಬಿಚ್ಚಿ ನಿಂತಳು. ಟೈಲರಮ್ಮ ಟೇಪು ಹಿಡಿದು ಹೋದಳು. ಭುಜ. ತೋಳು. ತಂಗಿ ಮಾತಾಡುತ್ತಲೇ ಇದ್ದಳು. ಆ ಮನೆಯವರೇ ಹಾಗೆ, ಸುಮ್ಮನಿರಲು ಬಾರದವರು.

"ಹೊರಗೆ ಆ ಚೀಟಿ ನೋಡ್ದೆ. ನಿಮಗೂ ಹಚ್ಚಿದಾರಾ? ನನಗೆ ಮೂರು ಸಲ ಕಳ್ಸಿದಾರೆ. ನಮ್ಮ ಕಚೇರಿಯಿಂದಲೇ ಬಟವಾಡೆ, ನನ್ನದನ್ನ ನಾನೇ ಮುದ್ರೆ ಒತ್ತಿ ನನಗೇ ಕಳ್ಸಿಕೊಂಡೆ" ಎಂದು ನಕ್ಕಳು. "ಹೋಗಲ್ಲ ನಾನು. ಅಕ್ಕ ಆಸ್ಪತ್ರೆ ಮೆಟ್ಟಿಲು ಹತ್ತಿದ್ಲು, ಹತ್ತು ತಿಂಗಳಿಗೆ ಮುಗೀತು. ಹತ್ತದೆ ಇದ್ದಿದ್ರೆ ಇನ್ನೊಂದೆರಡು ವರ್ಷ ನೆಮ್ಮದಿಯಾಗಿ ಇರ್ತಿದ್ಲೇನೋ."

"ಹಾಗಲ್ಲ" ಎಂದಳು ಟೈಲರಮ್ಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ನಿಮಗೊಂದು ಹೇಳ್ಲಾ? ಅಕ್ಕ ನಿಮ್ಮನ್ನ ಎಷ್ಟು ನಂಬಿದ್ಲು ಗೊತ್ತಾ? ಒಂದ್ಸಲ ಅಂದ್ಲು, ಎಡಗಡೆ ಯಾಕೋ ಎಳೆದ ಹಾಗಾಗತ್ತೆ ಕಣೇ ಅಂತ. ತೋರ್ಸು ಅಂತ ಬಡ್ಕೊಂಡೆ. ಅದಕ್ಕೆ ಏನಂದ್ಲು, ಟೈಲರಮ್ಮ ವರ್ಷಕ್ಕೆ ಮೂರು ನಾಲ್ಕು ಸಲ ನನ್ನ ಅಳತೆ ತೊಗೊಳ್ತಾಳೆ, ಅವಳ ಕೈ ಎಷ್ಟು ಮೈ ಕಂಡಿದೆ, ಏನಾದ್ರೂ ಇದ್ದಿದ್ರೆ ಅವಳಿಗೆ ಗೊತ್ತಾಗ್ದೆ ಇರತ್ತಾ, ಗೊತ್ತಾದ್ರೆ ಹೇಳ್ದೆ ಇರ್ತಾಳಾ, ಅಂದ್ಲು. ಆ ಮಾತು ಹೇಳಿ ನನ್ನ ಬಾಯಿ ಮುಚ್ಚಿಸಿಬಿಟ್ಲು."

ಟೇಪಿನ ಲೋಹದ ತುದಿ ಟೈಲರಮ್ಮನ ಬೆರಳುಗಳ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವಳು ಬಗ್ಗಿಯೇ ಇದ್ದಳು. ಇಷ್ಟು ದಿನ ಅವಳು ತನ್ನ ಮೇಲೆ ಹೊರಿಸಿಕೊಂಡದ್ದು ಸುಮ್ಮನಿದ್ದ ತಪ್ಪು ಮಾತ್ರ. ಹೇಳಿದ್ದರೆ ಒಳ್ಳೆಯದಿತ್ತು, ಹೇಳಲಿಲ್ಲ, ಅಷ್ಟೆ, ನಾನೇನು ಡಾಕ್ಟರಾ ಎಂದು ಒಮ್ಮೊಮ್ಮೆ ವಾದ ಮಾಡಿ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚುವಷ್ಟು ಜಾಗ ಮಾಡಿಕೊಂಡಿದ್ದಳು. ಈಗ ಆ ಜಾಗವೂ ಹೋಯಿತು. ಕನ್ನಡಿಯಲ್ಲಿ ಟೀಚರು ನೋಡುತ್ತಿದ್ದದ್ದು ಕೋಟನ್ನಲ್ಲ. ಅಳೆಯುವವಳ ಮುಖವನ್ನು. ಅಲ್ಲಿ ಏನೂ ಕಾಣದೆ ಸಮಾಧಾನ ಪಟ್ಟುಕೊಂಡು ಮನೆಗೆ ಹೋಗಿದ್ದರು. ಒಂದು ಸಲವಲ್ಲ. ಪ್ರತಿ ಪದರಕ್ಕೂ ಒಂದು ಸಲ.

"ನಿಮ್ಮ ತಪ್ಪು ಅಂತ ಹೇಳ್ತಿಲ್ಲ ಮತ್ತೆ" ಎಂದಳು ತಂಗಿ, ಅವಳು ಏಳದಿದ್ದುದನ್ನು ಕಂಡು. "ಒಳಗಿರೋದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು. ಆದ್ರೂ ನನಗೂ ಅವಳ ಹುಚ್ಚೇ ಹಿಡ್ದಿದೆ. ನೀವೇ ಒಂದ್ಸಲ ನೋಡಿ ಹೇಳ್ಬಿಡಿ. ಎರಡೂ ಕಡೆ ಸರಿಯಾಗಿದೆ ಅನ್ನಿ, ನನಗಷ್ಟು ಸಾಕು, ಆ ಚೀಟಿ ಹರಿದು ಹಾಕ್ತೀನಿ." ಹೇಳಿ, ತಮಾಷೆಯೆಂಬಂತೆ ಎರಡು ಕೈಯನ್ನೂ ಎತ್ತಿ ನಿಂತಳು. ಕಣ್ಣಲ್ಲಿ ತಮಾಷೆ ಇರಲಿಲ್ಲ.

ಟೈಲರಮ್ಮ ಟೇಪು ಸುತ್ತಿದಳು. ಎರಡೂ ಕಡೆ ಸರಿಯಾಗಿತ್ತು. ಬೆರಳಿಗೆ ಏನೂ ಸಿಗಲಿಲ್ಲ. ಸಿಗದಿದ್ದರೆ ಏನೂ ಇಲ್ಲವೆಂದು ಅರ್ಥವೇ? ಟೀಚರ ಮೈಯಲ್ಲಿ ತನ್ನ ಬೆರಳಿಗೆ ಸಿಗುವುದಕ್ಕೆ ಎಷ್ಟು ದಿನ ಮುಂಚಿನಿಂದ ಅದು ಅಲ್ಲಿತ್ತೋ. ಒಡಹುಟ್ಟಿದವರಿಗೆ ಬಂದಿದ್ದರೆ ತಪ್ಪದೆ ತೋರಿಸಿಕೊಳ್ಳಿ ಎಂದು ಚೀಟಿಯ ಕೊನೆಯ ಸಾಲಿನಲ್ಲಿ ಬರೆದಿದೆ, ಬೆಳಿಗ್ಗೆಯಿಂದ ಇಪ್ಪತ್ತು ಸಲ ಓದಿದ್ದಾಳೆ. ಒಂದು ಸುಳ್ಳು ಹೇಳಿದರಾಯಿತು. ಇಲ್ಲಿ ಏನೋ ಇದ್ದ ಹಾಗಿದೆ ಅಂದರೆ ಇವಳು ಗುರುವಾರದವರೆಗೂ ಕಾಯದೆ ಈಗಲೇ ಓಡುತ್ತಾಳೆ. ಸುಳ್ಳು ಎಷ್ಟು ಸುಲಭವಾಗಿ ನಾಲಗೆಯ ತುದಿಗೆ ಬಂದು ಕೂತಿತು. ಇವಳು ಹೆದರಿ ಹೋಗುತ್ತಾಳೆ, ಅವರು ಏನೂ ಇಲ್ಲ ಅನ್ನುತ್ತಾರೆ, ನಾಳೆ ನಗುತ್ತ ಬಂದು ಬಯ್ಯುತ್ತಾಳೆ, ನಾನು ಒಳ್ಳೆಯವಳಾಗಿಯೇ ಉಳಿಯುತ್ತೇನೆ. ಉಳಿಯುತ್ತೇನೆ ಅನ್ನುವಲ್ಲಿಗೆ ಬಂದು ಅವಳು ನಿಂತಳು. ಮತ್ತೆ ಇವಳು ಮುಂದಿನ ವರ್ಷವೂ ಬಂದು, ಕೈ ಎತ್ತಿ, ನನ್ನ ಮುಖ ನೋಡುತ್ತಾಳೆ.

"ನನ್ನ ಕೈಯನ್ನ ನಂಬಬೇಡಿ" ಎಂದಳು.

"ಯಾಕೆ?"

"ನನಗೆ ಗೊತ್ತಾಗಿತ್ತು. ನಿಮ್ಮ ಅಕ್ಕಂದು."

ತಂಗಿಯ ಕೈಗಳು ನಿಧಾನವಾಗಿ ಇಳಿದವು. "ಏನು ಗೊತ್ತಾಗಿತ್ತು?"

"ಎಡಗಡೆ ಕಮ್ಮಿಯಾಗಿತ್ತು. ಒಂದು ಕುಳಿ ಇತ್ತು. ಆಮೇಲೆ ಇನ್ನೂ ಕಮ್ಮಿಯಾಯ್ತು. ನಾನು ಹೇಳ್ಲಿಲ್ಲ. ಬೇಜಾರಾಗತ್ತೆ ಅಂತ... ಕಾಣದ ಹಾಗೆ ಹೊಲ್ದೆ."

"ಯಾವಾಗ?"

"ಆಸ್ಪತ್ರೆಗೆ ಹೋಗೋಕೆ ಒಂದು ವರ್ಷ ಎಂಟು ತಿಂಗಳು ಮುಂಚೆ."

ತಂಗಿ ಒಳಂಗಿಯಲ್ಲೇ ಪರದೆ ಸರಿಸಿ ಹೊರಗೆ ಬಂದು, ಬಾಗಿಲು ತೆರೆದಿದೆಯೆನ್ನುವುದೂ ನೆನಪಿಲ್ಲದವಳಂತೆ ಮೇಜಿನ ಮುಂದೆ ನಿಂತು, ಕೋಟನ್ನು ತಿರುವಿ ಹಾಕಿದಳು. "ಎಲ್ಲಿ? ತೋರ್ಸಿ." ಗುಂಡಿಯಕ್ಕ ಸೂಜಿ ಹಿಡಿದವಳು ಹಾಗೇ ಕೂತಿದ್ದಳು. ಟೈಲರಮ್ಮ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಅಸ್ತರಿನ ಅಂಚನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದಳು. ಇಂಥ ಹೊತ್ತಲ್ಲೂ ಬಟ್ಟೆ ಹರಿಯದಂತೆ ಬಿಚ್ಚುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮೂರು ಪದರ ಹತ್ತಿ ಹೊರಗೆ ಬಂತು, ಒಂದರ ಮೇಲೊಂದು, ಸುತ್ತಲಿನ ಅಂಚು ತೆಳುವಾಗುತ್ತ ಹೋಗಿ ಬಟ್ಟೆಯಲ್ಲಿ ಕರಗಿಹೋಗುವ ಹಾಗೆ ಕತ್ತರಿಸಿದ್ದು. ತಂಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಚೆನ್ನಾಗಿ ಮಾಡಿದೀರಿ" ಎಂದಳು. "ಹೊರಗಿಂದ ಏನೂ ಗೊತ್ತೇ ಆಗ್ತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟೈಲರಮ್ಮ ಕತ್ತರಿ ಸರಿಸಿ ಚೀಟಿಯೊಂದನ್ನು ತೆಗೆದಳು. "ಗುರುವಾರ ಹೋಗಿ. ಬೇಕಾದ್ರೆ ನನ್ನ ಮುಖ ಮತ್ತೆ ನೋಡ್ಬೇಡಿ. ಆದ್ರೆ ಹೋಗಿ. ಏನೂ ಇಲ್ಲ ಅಂತ ಅವರು ಹೇಳ್ಬೇಕು. ನಾನು ಹೇಳಬಾರದು."

"ನೀವು ಹೋಗಿದ್ದೀರಾ?"

ಟೈಲರಮ್ಮ ಚೀಟಿಯ ಮೂಲೆಯನ್ನು ಮಡಿಸಿ ಮತ್ತೆ ಬಿಡಿಸಿದಳು.

"ಚೆನ್ನಾಗಿದೆ" ಎಂದಳು ತಂಗಿ. ಒಳಗೆ ಹೋಗಿ ಅಂಗಿ ತೊಟ್ಟು ಬಂದಳು, ಗುಂಡಿ ಒಂದು ಮೇಲೆ ಒಂದು ಕೆಳಗೆ ಸೇರಿತ್ತು. ಅಸ್ತರು ನೇತಾಡುತ್ತಿದ್ದ ಕೋಟನ್ನೂ ಹತ್ತಿಯನ್ನೂ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು. ಚೀಟಿ ಟೈಲರಮ್ಮನ ಕೈಯಲ್ಲೇ ಉಳಿಯಿತು.

ಗುಂಡಿಯಕ್ಕ ಎದ್ದು ಹೋಗಿ ಬಾಗಿಲನ್ನು ಮುಂದಕ್ಕೆಳೆದು ಬಂದಳು. "ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ? ಹೇಳಿದ್ರೆ ಸತ್ತವಳು ಎದ್ದು ಬರ್ತಾಳಾ? ಊರು ತುಂಬ ಹೇಳ್ಕೊಂಡು ಬರ್ತಾಳೆ ನೋಡಿ ಇವಳು. ನಾಳೆಯಿಂದ ಯಾರು ಬಂದು ಕೈ ಎತ್ತಿ ನಿಂತ್ಕೋತಾರೆ?"

"ನಿಂತ್ಕೊಳ್ಳದೆ ಇದ್ರೆ ಇಲ್ಲ ಬಿಡು."

"ಹೂಂ, ಆಮೇಲೆ ಇಬ್ರೂ ಗಾಳಿಗೆ ಗುಂಡಿ ಹಚ್ಚೋಣ."

"ನೀನೂ ಗುರುವಾರ ಬಾ" ಎಂದಳು ಟೈಲರಮ್ಮ. ಹೇಳಿ ಆದ ಮೇಲೆ ಹೇಳಿದೆನೆಂದು ತಿಳಿಯಿತು. ಗುಂಡಿಯಕ್ಕ ಅವಳ ಮುಖವನ್ನೇ ನೋಡಿ, ಹೇಳಬೇಕೆಂದಿದ್ದ ತಮಾಷೆಯನ್ನು ನುಂಗಿಕೊಂಡು, ಸೂಜಿಗೆ ದಾರ ಪೋಣಿಸತೊಡಗಿದಳು. ಮೂರು ಸಲ ತಪ್ಪಿತು.

ಮಧ್ಯಾಹ್ನದಿಂದ ಟೈಲರಮ್ಮ ಬಂದವರಿಗೆಲ್ಲ ಚೀಟಿ ಕೊಟ್ಟು ಹೇಳತೊಡಗಿದಳು. ಚೆನ್ನಾಗಿ ಹೇಳಲು ಬರಲಿಲ್ಲ. ಬ್ಯಾಂಕಿನ ಗುಮಾಸ್ತೆ ಮುಖ ಕೆಂಪಗೆ ಮಾಡಿಕೊಂಡು, ನಾನು ಅಂಗಿ ಹೊಲಿಸೋಕೆ ಬಂದಿದ್ದು, ಎಂದಳು. ಒಬ್ಬಳು ಮುದುಕಿ ನಿನ್ನ ಬಾಯಲ್ಲಿ ಒಳ್ಳೆ ಮಾತು ಬರಲ್ವಾ ಎಂದು ಬೈದು ಚೀಟಿಯನ್ನು ಮಾತ್ರ ಮಡಿಸಿಟ್ಟುಕೊಂಡಳು. ಇನ್ನೊಬ್ಬಳು ಕೊಟ್ಟ ಬಟ್ಟೆಯನ್ನೇ ವಾಪಸು ತೆಗೆದುಕೊಂಡು ಹೋದಳು. ವಿಷಯ ಕಿವಿಗೆ ಬಿದ್ದಿತ್ತೋ ಏನೋ. ಸಂಜೆಯ ಹೊತ್ತಿಗೆ ಒಂಬತ್ತು ಚೀಟಿ ಹೋಗಿದ್ದವು. ಒಂಬತ್ತಲ್ಲ, ಒಂಬೈನೂರು ಹೋದರೂ ಟೀಚರ ತಂಗಿ ತೆಗೆದುಕೊಳ್ಳದೆ ಹೋದದ್ದು ಹಾಗೇ ಇರುತ್ತದೆಂದು ಅವಳಿಗೆ ಗೊತ್ತಿತ್ತು.

ಗುರುವಾರ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅವಳು ಹೋಗಿ ನಿಂತಳು. ಗುಂಡಿಯಕ್ಕ ಬರಲಿಲ್ಲ, ಅವಳ ಸೊಸೆ ಬಂದಿದ್ದಳು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ನರ್ಸು ಅವಳ ಸಂಖ್ಯೆ ಕರೆದಾಗಲೆಲ್ಲ ಪಕ್ಕದವರನ್ನು ನೀವು ಹೋಗಿ ಎಂದು ಮುಂದೆ ಕಳಿಸಿ, ಬಾಗಿಲ ಕಡೆಗೇ ಕಣ್ಣಿಟ್ಟು ಕೂತಳು. ಪ್ರತಿ ಸಲ ಬಾಗಿಲು ತೆರೆದುಕೊಂಡಾಗ ಬೇರೆ ಯಾರೋ ಬಂದರು. ಹನ್ನೆರಡಾಯಿತು. "ಟೈಲರಮ್ಮ, ಹೆದರಿಕೆಯಾ? ಎಲ್ಲರನ್ನೂ ಕಳ್ಸಿ ನೀವೇ ಉಳ್ಕೊಂಡ್ರಲ್ಲ" ಎಂದು ನರ್ಸು ಕೈ ಹಿಡಿದು ಎಬ್ಬಿಸಿದಳು.

ಒಳಗೆ ತಣ್ಣಗಿತ್ತು. ಯಂತ್ರದ ಪಕ್ಕ ನಿಂತಿದ್ದ ಹುಡುಗಿ ಅವಳ ಭುಜವನ್ನು ಎರಡು ಬೆರಳಲ್ಲಿ ತಿರುಗಿಸಿ, ಮೊಲೆಯನ್ನು ಎತ್ತಿ ತಟ್ಟೆಯ ಮೇಲಿಟ್ಟು, ಅಂಚನ್ನು ಸವರಿ ಸರಿಪಡಿಸಿದಳು. ಕೆಲಸ ಬಲ್ಲ ಕೈ. ಮುಖದಲ್ಲಿ ಏನೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಟೈಲರಮ್ಮ ಅಳೆಸಿಕೊಳ್ಳುವ ಕಡೆ ನಿಂತಿದ್ದಳು, ಆ ಮುಖದಲ್ಲಿ ಏನಾದರೂ ಕಂಡೀತೇ ಎಂದು ಹುಡುಕುತ್ತಿದ್ದಳು. "ಈ ಗಂಟು ಮೊದಲಿಂದ ಇದೆಯಾ ಅಮ್ಮ, ಕಂಕುಳ ಹತ್ರ?" ಎಂದಳು ಹುಡುಗಿ, ಗಂಟೆ ಎಷ್ಟು ಎಂದು ಕೇಳುವವರ ದನಿಯಲ್ಲಿ. "ಚಿಕ್ಕಂದಿನಿಂದ. ಕೊಬ್ಬಿನ ಗಂಟಂತೆ." "ಇರ್ಲಿ, ಬರ್ಕೋತೀನಿ. ಡಾಕ್ಟ್ರು ನೋಡ್ಲಿ." ಅಷ್ಟೆ. ಅಷ್ಟು ಸಣ್ಣ ಮಾತು. ಮೇಲಿನ ತಟ್ಟೆ ಕೆಳಗಿಳಿದು ಒತ್ತಿತು. ಟೈಲರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನೋವಾಯ್ತಾ, ಈಗ ಮುಗೀತು, ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ, ಎಂದಳು ಹುಡುಗಿ. ಅವಳು ಉಸಿರು ಬಿಗಿಹಿಡಿದಳು, ಅಲ್ಲಾಡಲಿಲ್ಲ.

ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಕುರ್ಚಿಗಳು ಬಹುಮಟ್ಟಿಗೆ ಖಾಲಿಯಾಗಿದ್ದವು. ಕೊನೆಯದರಲ್ಲಿ ಟೀಚರ ತಂಗಿ ಕೂತಿದ್ದಳು, ಕಚೇರಿಯಿಂದ ನೇರ ಬಂದವಳಂತೆ, ಬೆರಳಿಗೆ ಮುದ್ರೆಯ ಶಾಯಿ. ತೊಡೆಯ ಮೇಲೆ ಅರ್ಜಿಯ ಹಾಳೆ. ಬಂದಳು ಎನ್ನುವ ಸಂತೋಷ ಟೈಲರಮ್ಮನ ಎದೆಗೆ ಬಂದು, ಅಲ್ಲಿ ಕೂರಲು ಸ್ಥಳವಿಲ್ಲದೆ ಹಿಂಗಿತು. ಮಾತಾಡಿಸುವ ಹಕ್ಕು ತನಗಿಲ್ಲ. ಗೋಡೆಯ ಪಕ್ಕಕ್ಕೆ ಸರಿದು, ಸದ್ದಾಗದಂತೆ ದಾಟಿಹೋಗಬೇಕೆಂದು ಹೊರಟಳು.

"ನಿಂತ್ಕೊಳ್ಳಿ" ಎಂದಳು ತಂಗಿ, ತಲೆ ಎತ್ತದೆ.

ನಿಂತಳು.

"ಮನೇಲಿ ಯಾರಿಗಾದ್ರೂ ಬಂದಿತ್ತಾ ಅಂತ ಕೇಳಿದಾರೆ. ಅಕ್ಕ ಅಂತ ಬರ್ದೆ." ಪೆನ್ನಿನ ತುದಿ ಹಾಳೆಯ ಮೇಲೆ ಒಂದು ಖಾಲಿ ಚೌಕದ ಹತ್ತಿರ ನಿಂತಿತ್ತು. "ಅವರಿಗೆ ಮೊದಲು ಕಾಣಿಸಿಕೊಂಡಾಗ ವಯಸ್ಸೆಷ್ಟು ಅಂತಿದೆ. ಡಾಕ್ಟ್ರು ಕಂಡುಹಿಡಿದಾಗ ನಲವತ್ತೆಂಟು." ಪೆನ್ನನ್ನು ಚೌಕದಿಂದ ಎತ್ತಿ ಹಿಡಿದಳು. "ಯಾವುದು ಬರೀಲಿ?"

ನರ್ಸು ಒಳಗಿನಿಂದ ಯಾರದೋ ಸಂಖ್ಯೆ ಕೂಗಿದಳು.

"ನನಗೆ ಕಂಡದ್ದು ಬರೀರಿ" ಎಂದಳು ಟೈಲರಮ್ಮ. "ನಲವತ್ತಾರು."

ತಂಗಿ ಬರೆದಳು. ಶಾಯಿ ಹಿಡಿಯಲಿಲ್ಲ, ಹಾಳೆಯ ಮೂಲೆಯಲ್ಲಿ ಗೀಚಿ ನೋಡಿ, ನಾಲ್ಕರ ಮೇಲೆ ಇನ್ನೊಂದು ಸಲ ಒತ್ತಿ ಬರೆದಳು, ಆರನ್ನೂ ಬರೆದಳು. ಅದು ಮುಗಿಯುವವರೆಗೆ ಟೈಲರಮ್ಮ ಅಲ್ಲೇ ನಿಂತಿದ್ದಳು.